ಕೋಲಿಲ್ಲದ ನಾಲ್ವರು

ಚಿನ್ನದ ಗಣಿಯೂರಿನ ನಂದಿದುರ್ಗ ಕಾಲೊನಿಯ ಮನೆಯಲ್ಲಿ ಮೊದಲ ಸಂಜೆ ಪಿಟೀಲನ್ನು ಹೆಗಲಿಗೇರಿಸಿದ್ದೆನಷ್ಟೆ, ನೆಲ ಗಡಗಡ ನಡುಗಿತು. ಗೋಡೆಯ ಸುಣ್ಣ ವಾದ್ಯದ ಮೇಲೆ ಉದುರಿತು. ಭೂಕಂಪವೆಂದು ಬೀದಿಗೆ ಓಡಿದೆ. ಜಗಲಿಯಲ್ಲಿ ಮುದ್ದೆ ನುಂಗುತ್ತಿದ್ದ ಪಕ್ಕದ ಮನೆಯ ಮುನಿಯಪ್ಪ ನಕ್ಕ.

“ಬೆದರ್ಕೋಬ್ಯಾಡಿ ಸಾಮಿ, ಏರ್‌ಬ್ಲಾಸ್ಟು! ಗಣಿಯೊಳಗೆ ಬಂಡೆ ಸಿಡೀತು, ಅಷ್ಟೇಯ. ಓಗಿ, ಬಾರ್ಸಿ.” ಆಮೇಲೆ ನಗು ನಿಲ್ಲಿಸಿ, “ಕೆಳಗಿರೋರು ಸಂದಾಕಿರ್ಲಿ” ಎಂದು ಗಣಿಯ ಕಡೆ ಕೈಮುಗಿದ.

ಮೈಸೂರಿನ ವಾದ್ಯವೃಂದದಲ್ಲಿ ನಲವತ್ತು ಜನರ ನಡುವೆ ನನಗೊಂದು ಕುರ್ಚಿ ಇತ್ತು. ಮುಂದೆ ನಿಂತವರು ಕೋಲಾಡಿಸಿದಂತೆ ನುಡಿಸುವುದು. ನನ್ನ ಹುಚ್ಚು ಬೇರೆ: ಚೇಂಬರ್ ಮ್ಯೂಸಿಕ್. ನಾಲ್ಕೇ ಜನ, ಕೋಲಿನವರಿಲ್ಲ, ಒಬ್ಬರಿಗೊಬ್ಬರು ಕಿವಿಗೊಡಬೇಕು. ಗಣಿಯ ದೊರೆಗಳು ಸೀಮೆಗೆ ಮರಳುವಾಗ ವಾದ್ಯಗಳನ್ನು ಬಿಟ್ಟುಹೋಗುತ್ತಿದ್ದಾರೆಂಬ ಸುದ್ದಿ ನಂಬಿ, ಇಲ್ಲಿಯ ಸ್ಕೂಲಿಗೆ ಸಂಗೀತದ ಮೇಷ್ಟರಾಗಿ ಬಂದೆ. “ನಾಲ್ವರು ಸಿಗದಿದ್ದರೆ ವಾಪಸ್ ಬಾ. ದಸರಾವರೆಗೆ ನಿನ್ನ ಕುರ್ಚಿ ಕಾಯ್ತೀನಿ” ಎಂದಿದ್ದ ವೃಂದದ ಗೆಳೆಯ.

ನಮ್ಮ ಕಡೆ ಕನ್ನಡದಲ್ಲಿ ಶುರುವಾದ ಜಗಳ ಕನ್ನಡದಲ್ಲೇ ಮುಗಿಯುತ್ತದೆ. ಇಲ್ಲಿ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಏರಿ, ತಮಿಳಿನಲ್ಲಿ ಕಾಫಿ ಕುಡಿಯುತ್ತದೆ. ಮೊದಲ ತಿಂಗಳ ಭಾನುವಾರಗಳಲ್ಲಿ ಬಂಗಾರಪೇಟೆಗೆ ಹೋಗಿ ಬೆಂಗಳೂರಿನ ರೈಲು ನೋಡಿ ಬರುತ್ತಿದ್ದೆ. ಒಮ್ಮೆ ಪ್ಲಾಟ್‌ಫಾರಂ ಮೇಲೆಯೇ ಅತ್ತುಬಿಟ್ಟೆ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದೆ! ಕಾಲ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲು, ಚೆಲ್ಲೋ, ಇದ್ದದ್ದು ಮುನಿಯಪ್ಪನ ಮನೆಯಲ್ಲೇ. ದೊರೆಯೊಬ್ಬರು ಅವನಿಗೆ ಕಲಿಸಿ, ಕೊಟ್ಟುಹೋದದ್ದು. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಕ್ಕೆ ಆಸ್ಪತ್ರೆಯ ನರ್ಸಮ್ಮ, ಎರಡನೆಯ ಪಿಟೀಲಿಗೆ ಗಣಿಯ ಸರ್ವೆಯರು ಸಿಕ್ಕರು. ಎಲ್ಲರ ಪಾಳಿಯೂ ಬೇರೆ. ನಾಲ್ವರೂ ಕೂಡುವುದು ವಾರಕ್ಕೊಂದು ಸಂಜೆ.

ದಸರಾಗೆ ಎರಡು ವಾರವಿರುವಾಗ ಪಕ್ಕದ ಕೋರಮಂಡಲ್ ಕಾಲೊನಿಯ ಹಾಲಿನಲ್ಲಿ ನಮ್ಮ ಮೊದಲ ಕಚೇರಿ. ನಿಧಾನಗತಿಯ ಭಾಗ ನುಡಿಸುತ್ತಿದ್ದೆವು. ತಡವಾಗಿ ಬಂದ ಯಾರದೋ ಸೈಕಲ್ ಬೆಲ್ಲು ಬಾಗಿಲಲ್ಲಿ ‘ಟಿಣ್’ ಎಂದಿತು. ಮುನಿಯಪ್ಪನ ಕಮಾನು ಗಾಳಿಯಲ್ಲೇ ನಿಂತಿತು.

ಅವನ ಕೆಲಸ ಕೇಜು ಓಡಿಸುವುದು. ಆಳುಗಳನ್ನು ಗಣಿಗೆ ಇಳಿಸುವ ಕಬ್ಬಿಣದ ಪಂಜರವದು. ಓಡುವಾಗ ಒಂದು ಗಂಟೆ ಕೇಳಿದರೆ ತಕ್ಷಣ ನಿಲ್ಲಿಸಬೇಕು, ಎರಡು ಕೇಳಿದರೆ ಇಳಿಸಬೇಕು. ಇಪ್ಪತ್ತು ವರ್ಷ ಪಳಗಿದ ಕೈ ತಾನಾಗಿ ನಿಂತಿತ್ತು. ನಾವು ಮೂವರೂ ತಪ್ಪಿ ನಿಂತೆವು. ಮುಗಿಯಿತು, ಇನ್ನು ಮೈಸೂರಿನ ಕುರ್ಚಿಯೇ ಗತಿ ಎಂದುಕೊಂಡೆ.

ಹಾಲಿನಲ್ಲಿ ಕೂತವರೆಲ್ಲ ಗಣಿಯವರು. ಒಬ್ಬರೂ ನಗಲಿಲ್ಲ. ಹಿಂದಿನಿಂದ ಮುದುಕನೊಬ್ಬ ಕೂಗಿದ: “ಲೇ ಸೈಕಲ್ಲೋನೇ, ಎಲ್ಡು ಒಡಿಯಲಾ! ಕೇಜು ನಡುದಾರೀಲಿ ನಿಂತೈತೆ!”

ಟಿಣ್ ಟಿಣ್. ಮುನಿಯಪ್ಪ ನಾಚಿ ತಲೆತಗ್ಗಿಸಿ ಕಮಾನನ್ನು ತಂತಿಗೆ ಇಳಿಸಿದ. ಆಗ ಹಾಲಿಗೆ ಹಾಲೇ ನಕ್ಕಿತು. ನಾವೂ ನಗುತ್ತಲೇ ಅವನನ್ನು ಹಿಡಿದುಕೊಂಡು ಕೊನೆ ಮುಟ್ಟಿದೆವು. ಅಷ್ಟು ಸುಖವಾಗಿ ನಾನು ಹಿಂದೆಂದೂ ನುಡಿಸಿರಲಿಲ್ಲ. ಆ ಪಾಟಿ ಕಿವಿಗೊಡುವ ಮನುಷ್ಯ ನಲವತ್ತು ಜನರಲ್ಲೂ ನನಗೆ ಸಿಕ್ಕಿರಲಿಲ್ಲ.

ಕುರ್ಚಿಯನ್ನು ಬೇರೆಯವರಿಗೆ ಕೊಡು ಎಂದು ಗೆಳೆಯನಿಗೆ ಮಾರನೆಯ ದಿನವೇ ಬರೆದೆ. ಹಬ್ಬಕ್ಕೆ ಮೈಸೂರಿಗೆ ಹೋದಾಗ ಅಮ್ಮ ಒಬ್ಬಟ್ಟು ಬಡಿಸುತ್ತ ಕೇಳಿದಳು: “ನಿಮ್ಮೂರಿಗೆ ಯಾವತ್ತೋ ಹೊರಡೋದು?”

ಹುಟ್ಟಿದ ಮನೆಯಲ್ಲೇ ಕೂತು, ಯೋಚಿಸದೆ, “ಗುರುವಾರ” ಎಂದೆ. ಅಮ್ಮ ಆ ಮೂವರಿಗೆಂದು ಒಂದಷ್ಟು ಒಬ್ಬಟ್ಟು ಬೇರೆ ತೆಗೆದಿಟ್ಟಳು.