ಜರುಗದ ಶೇಂಗಾ

ಸಂಶೋಧನೆ ಮಾಡುವವರ ಅಂಕಿಅಂಶಗಳನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸಿಕೊಡುವುದು ಚಳ್ಳಕೆರೆಯಲ್ಲಿ ನನ್ನ ಕಸುಬು. ಒಬ್ಬನದೇ ಕಚೇರಿ, ಇರುವುದೊಂದೇ ಕುರ್ಚಿ. ಒಮ್ಮೆ ಮೊಳಕಾಲ್ಮೂರಿನ ಕಾಲೇಜು ಮೇಷ್ಟ್ರೊಬ್ಬರು ತಮ್ಮ ಪಿಎಚ್‌ಡಿಗೆಂದು ಶೇಂಗಾ ಇಳುವರಿಯ ಅಳತೆಗಳನ್ನು ತಂದರು. ಹೊಸ ತಳಿಯೇ ಮೇಲು ಎಂದು ತೀರ್ಮಾನ ಬರೆದು, ಪ್ರಬಂಧವನ್ನು ಬೈಂಡ್ ಮಾಡಿಸಿಯೂ ಆಗಿತ್ತು! ಲೆಕ್ಕ ಹಾಕಿದರೆ ಹಳೆಯ ತಳಿಗೂ ಹೊಸದಕ್ಕೂ ವ್ಯತ್ಯಾಸವೇ ಇರಲಿಲ್ಲ.

“ಸ್ವಲ್ಪ ಅಡ್ಜಸ್ಟ್ ಮಾಡ್ರಿ,” ಎಂದರು, ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ತೂರಿಕೊಳ್ಳುವವನ ದನಿಯಲ್ಲಿ. ಇಂಥವರು ಮಕ್ಕಳಿಗೆ ವಿಜ್ಞಾನ ಕಲಿಸುತ್ತಾರೆ!

ಎದ್ದು, ನನ್ನ ಕುರ್ಚಿಯನ್ನೇ ಅವರತ್ತ ತಳ್ಳಿದೆ.

“ಕೂತ್ಕಳ್ರಿ ಸಾರ್, ಬೇಕಾದ್ರೆ ನಾನು ನಿಂತ್ಕತೀನಿ. ನಿಮ್ಮ ಶೇಂಗಾ ಮಾತ್ರ ಜರುಗಲ್ಲ ಅಂತೈತೆ.”