ಟವೆಲ್ಲಿನ ಕೆಳಗೆ ಇಂಗ್ಲಿಷು

ಥಾಯ್ಲೆಂಡಿನ ಈಶಾನ್ಯದಲ್ಲಿ, ಭತ್ತದ ಗದ್ದೆಗಳ ನಡುವಿನ ಒಂದು ಸಣ್ಣ ಪಟ್ಟಣ. ಅಲ್ಲಿನ ಶಾಲೆಗೆ ಇಂಗ್ಲಿಷ್ ಟೀಚರಾಗಿ ಸೇರಿದ ದಿನವೇ ವಿಭಾಗದ ಮುಖ್ಯಸ್ಥೆ ಷರತ್ತನ್ನು ತಿಳಿಸಿದರು. ಶಾಲಾ ವರ್ಷದ ಮೊದಲ ಅವಧಿ ನನಗೆ ಪರೀಕ್ಷೆಯ ಕಾಲ. ಅವಧಿಯ ಕೊನೆಗೆ ಪೋಷಕರು ಬಂದು ತರಗತಿಯ ಹಿಂದೆ ಕೂತು ಪಾಠ ನೋಡುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ನಾನು ಊರಿಗೆ ಹೊರಡಬೇಕು.

ಊರಿಗೆ ಹೊರಡುವುದು ಕಷ್ಟವಲ್ಲ, ಹೋಗಿ ಏನು ಮಾಡುವುದು ಎಂಬುದು ಕಷ್ಟ. ಥಾಯ್ಲೆಂಡಿಗೆ ಹೋಗುವ ಮೊದಲು ನಾನು ಪಾಂಡವಪುರದಲ್ಲಿ ಕೂತು ಪತ್ರಿಕೆಯೊಂದಕ್ಕೆ ವರದಿ ಮಾಡುತ್ತಿದ್ದೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲವೂ ಸೇರಿ ನಾಲ್ಕು ತಾಲ್ಲೂಕು ನನ್ನ ಪಾಲಿನವು. ನಾಲೆಗೆ ನೀರು ಬಿಟ್ಟದ್ದು, ದೇವಲಾಪುರದಲ್ಲಿ ಬಸ್ಸು ನಿಲ್ಲಿಸುವುದಿಲ್ಲವೆಂದು ಜನ ರಸ್ತೆಗೆ ಕೂತದ್ದು, ಇಂಥವನ್ನೆಲ್ಲ ಸಂಜೆಯೊಳಗೆ ಬರೆದು ಕಳಿಸುತ್ತಿದ್ದೆ. ಪತ್ರಿಕೆಯವರು ನಮ್ಮ ಕಚೇರಿಗೆ ಬೀಗ ಹಾಕಿದ ಮೇಲೆ ಇಂಗ್ಲಿಷ್ ಕಲಿಸುವ ಕೋರ್ಸೊಂದನ್ನು ಮುಗಿಸಿ ವಿಮಾನ ಹತ್ತಿದ್ದೆ.

ಮನೆ ಹೂಡುವುದು ಸುಲಭವಾಗಿಯೇ ಆಯಿತು. ನೂಡಲ್ ಅಂಗಡಿಯ ಮೇಲಿನ ಕೋಣೆ ಸಿಕ್ಕಿತು. ಅಲ್ಲಿಯ ಅಂಟು ಅನ್ನವನ್ನು ಬೆರಳಲ್ಲಿ ಒತ್ತಿ ಉಂಡೆ ಮಾಡಿ ಖಾರದ ಚಟ್ನಿಗೆ ಅದ್ದಿ ತಿನ್ನುತ್ತಾರೆ. ಮುದ್ದೆ ಮುರಿದು ಬೆಳೆದ ಕೈಗೆ ಅದನ್ನು ಯಾರೂ ಕಲಿಸಬೇಕಾಗಲಿಲ್ಲ. ಮುದ್ದೆಯಂತೆ ನುಂಗಲು ಹೋದಾಗ ಮಾತ್ರ ಗಂಟಲಲ್ಲಿ ನಿಂತಿತು. ಅಂಗಡಿಯಾಕೆ ಓಡಿ ಬಂದು ಬೆನ್ನಿಗೆ ಗುದ್ದಿ, ಅಗಿಯಬೇಕೆಂದು ದವಡೆ ಆಡಿಸಿ ತೋರಿಸಿದಳು.

ಸೋತದ್ದು ತರಗತಿಯಲ್ಲಿ. ಒಳಗೆ ಕಾಲಿಟ್ಟೊಡನೆ ಮಕ್ಕಳೆಲ್ಲ ಎದ್ದು ಒಂದೇ ರಾಗದಲ್ಲಿ 'ಗುಡ್ ಮಾರ್ನಿಂಗ್ ಟೀಚರ್' ಹಾಡುತ್ತಿದ್ದರು. ಕೂತ ಮೇಲೆ ಮೌನ. ಪ್ರಶ್ನೆ ಕೇಳಿದರೆ ನಗು, ಹೆಸರು ಹಿಡಿದು ಕೇಳಿದರೆ ತಗ್ಗಿಸಿದ ತಲೆ. ಕಿಟಕಿಯ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗಿಯ ದನಿ ಹೇಗಿದೆ ಎಂಬುದೇ ಬಹಳ ದಿನ ನನಗೆ ತಿಳಿದಿರಲಿಲ್ಲ.

ಮುಖ್ಯಸ್ಥೆ ಒಮ್ಮೆ ನನ್ನನ್ನು ಕರೆದು ಮೆಲ್ಲಗೆ ಕೇಳಿದರು, "ನಿಮಗೆ ಮಕ್ಕಳ ಮೇಲೆ ಯಾಕೆ ಅಷ್ಟು ಕೋಪ?"

ನನಗೆ ಕೋಪವೇ ಇರಲಿಲ್ಲ. ನಮ್ಮ ಕಡೆ ಪ್ರೀತಿಯನ್ನೂ ಎರಡು ಹೊಲದಾಚೆಗೆ ಕೇಳುವಂತೆಯೇ ಹೇಳುವುದು. ಆ ಊರಿನಲ್ಲಿ ದನಿ ಎತ್ತಿದರೆ ಜಗಳವೆಂದೇ ಅರ್ಥ. ಮಕ್ಕಳು ತಪ್ಪು ಮಾತಾಡಿ ಎಲ್ಲರೆದುರು ನಗೆಗೀಡಾಗಲು ಮೊದಲೇ ಅಂಜುತ್ತಿದ್ದರು, ಅದರ ಮೇಲೆ ನನ್ನ ಗಂಟಲು. ನಾನು ದನಿ ತಗ್ಗಿಸಿದೆ. ಮಕ್ಕಳಿಗೆ ನನ್ನ ಹೆದರಿಕೆ ಹೋಯಿತು, ಮೌನ ಹೋಗಲಿಲ್ಲ.

"ಹೊಸ ಟೀಚರ್ ಏನು ಕಲಿಸಿದರು ಎಂದು ಪೋಷಕರು ಮನೆಯಲ್ಲಿ ಕೇಳುತ್ತಿದ್ದಾರೆ," ಎಂದರು ಮುಖ್ಯಸ್ಥೆ ಇನ್ನೊಂದು ದಿನ. "ಮಕ್ಕಳು ಉತ್ತರ ಕೊಡುತ್ತಿಲ್ಲವಂತೆ."

ಆ ವಾರ ಪಟ್ಟಣದ ಹೊರಗೆ ದನದ ಸಂತೆ ಕಂಡೆ. ಎಮ್ಮೆ, ಹೋರಿ, ಸಗಣಿ, ಟೆಂಪೊಗಳು. ಎಲ್ಲವೂ ನಮ್ಮದರಂತೆಯೇ ಇತ್ತು, ಆದರೆ ಅಲ್ಲಿ ರೇಟನ್ನು ಬಾಯಲ್ಲೇ ಹೇಳುತ್ತಿದ್ದರು. ಸಂತೆಬಾಚಹಳ್ಳಿಯ ಕಡೆ ನಾನು ನೋಡಿದ ವ್ಯಾಪಾರ ಬೇರೆ. ಇಬ್ಬರು ಕೈಗೆ ಕೈ ಕೊಟ್ಟು, ಮೇಲೊಂದು ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ಸುತ್ತ ನಿಂತವರಿಗೆ ಬೈಗುಳ ಕೇಳುತ್ತದೆ, ಬೆಲೆ ಕೇಳುವುದಿಲ್ಲ.

ಅಲ್ಲೇ ನಿಂತು ಸಿಂಧಘಟ್ಟದ ಚಿಕ್ಕಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅವರು ಹಾಲು ಕರೆಯುವುದರ ಜೊತೆಗೆ ದನದ ದಲ್ಲಾಳಿತನವನ್ನೂ ಮಾಡುತ್ತಾರೆ.

"ಏನವ್ವಾ, ಅಲ್ಲೂ ದನ ಹಿಡ್ಯಾಕೆ ಹೊಂಟ್ಯಾ?"

"ಇಲ್ಲ ಚಿಕ್ಕಪ್ಪ. ಬೆರಳು ಹಿಡಿಯೋದನ್ನ ಹೇಳಿಕೊಡು. ಪಾಠ ಮಾಡಬೇಕು."

"ಇಂಗ್ಲೀಷ್ ಪಾಠಕ್ಕೂ ಎತ್ತಿನ ಯಾಪಾರಕ್ಕೂ ಏನ್ ಸಮ್ಮಂದ ಕಣಮ್ಮಿ? ತಲೆಗಿಲೆ ಕೆಟ್ಟದಾ?"

"ಮಕ್ಕಳು ಬಾಯೇ ಬಿಡ್ತಿಲ್ಲ. ಹಿಂಗೇ ಆದ್ರೆ ಕೆಲಸ ಹೋಗುತ್ತೆ."

ಹಿಂದಿನಿಂದ ಚಿಕ್ಕಮ್ಮ ಕೂಗಿದರು, "ಏಳ್ಕೊಡಿ ಅತ್ಲಾಗೆ. ನಿಮ್ ದಲ್ಲಾಳಿ ಕಿತ್ಕಳಾಕೆ ಅಲ್ಲಿಂದ ಯಾರ್ ಬಂದಾರು?"

ಚಿಕ್ಕಪ್ಪ ಫೋನನ್ನು ಹಾಲಿನ ಕ್ಯಾನಿಗೆ ಒರಗಿಸಿ, ಚಿಕ್ಕಮ್ಮನ ಕೈಯನ್ನೇ ಎಳೆದುಕೊಂಡರು. "ನೋಡು, ಒಂದ್ ಬೆರಳು ಹಿಡುದ್ರೆ ಒಂದು. ಇಡೀ ಕೈ ಹಿಡುದ್ರೆ ಐದು. ಬೆರಳು ಯಾಪಾರ ಮಾಡ್ತದೆ, ಬಾಯಿ ನಾಟ್ಕ ಮಾಡ್ತದೆ. ಇದೇನ್ ಎತ್ತಾ ಮ್ಯಾಕೆಯಾ ಅನ್ನು. ಅವ್ನು ಉರ್ಕೋಬೇಕು. ರೇಟ್ ಒಂದ್ ಬುಟ್ಟು ಇನ್ನೇನ್ ಬೇಕಾರೂ ಅನ್ನು. ಕೈ ಮಾತ್ರ ಬುಡಬ್ಯಾಡ."

"ಬಿಟ್ಟರೆ?"

"ಯಾಪಾರ ಮುರ್ದೋಯ್ತು ಅಂತ."

"ಧಾರೆ ದಿನ ಹಿಡ್ದಿದ್ರು ಕಣವ್ವ, ಆಮ್ಯಾಲೆ ಇವತ್ತೇ ಹಿಡ್ದವ್ರೆ," ಎಂದರು ಚಿಕ್ಕಮ್ಮ. "ಇನ್ನೂ ಬುಡ್ತಿಲ್ಲ ನೋಡು."

ಮರುದಿನ ಒಂದು ಟವೆಲ್ ಹಿಡಿದು ತರಗತಿಗೆ ಹೋದೆ. ಮೂಲೆಯ ಹಳೆ ಕುರ್ಚಿಯನ್ನು ಮುಂದೆ ಎಳೆದು, ಇದು ಹೋರಿ ಎಂದೆ. ಇಬ್ಬರು ಹುಡುಗಿಯರನ್ನು ಕರೆದು, ಬೆರಳಿನ ಲೆಕ್ಕ ತೋರಿಸಿ, ಕೈಗೆ ಕೈ ಕೊಡಿಸಿ ಟವೆಲ್ ಮುಚ್ಚಿದೆ. ಬಾಯಿಗೆ ಇಂಗ್ಲಿಷು ಮಾತ್ರ, ಬೆಲೆ ಹೇಳುವಂತಿಲ್ಲ. ಕೂತವರು ಮಾತು ಕೇಳಿ, ಮುಖ ನೋಡಿ ಬೆಲೆ ಊಹಿಸಬೇಕು.

ಕೊಳ್ಳುವವಳು ಕುರ್ಚಿಯ ಸುತ್ತ ಕಣ್ಣಾಡಿಸಿ, "ಕೌ ಓಲ್ಡ್," ಎಂದಳು.

ಟವೆಲ್ಲಿನ ಒಳಗೆ ಏನಾಯಿತೋ, ಮಾರುವವಳು ಕಣ್ಣು ಅರಳಿಸಿ, "ನೋ! ಯು ಓಲ್ಡ್! ಕೌ ಬೇಬಿ!" ಎಂದು ಸಿಡಿದಳು.

ತರಗತಿ ಬಿದ್ದು ನಕ್ಕಿತು. ಈ ನಗುವಿಗೆ ಯಾರೂ ತಲೆ ತಗ್ಗಿಸಲಿಲ್ಲ. ನಗಿಸುವುದೇ ಆಟವಾದ ಮೇಲೆ ತಪ್ಪಿಗೆ ಅಂಜುವುದೇನಿತ್ತು? ಬೆಲ್ಲು ಹೊಡೆಯುವ ಹೊತ್ತಿಗೆ ಹೋರಿಯ ಹಲ್ಲು, ಬಾಲ, ಅದರ ಅಜ್ಜಿ, ಅದು ಕದ್ದು ತಿಂದ ಕಲ್ಲಂಗಡಿ, ಎಲ್ಲ ಇಂಗ್ಲಿಷಿನಲ್ಲಿ ಬಂದಿದ್ದವು. ಮುಂದಿನ ವಾರಗಳಲ್ಲಿ ಕುರ್ಚಿ ಮೋಟಾರ್ ಬೈಕಾಯಿತು, ಮನೆಯಾಯಿತು, ಒಮ್ಮೆ ಗಣಿತದ ಮೇಷ್ಟರೂ ಆಯಿತು. ಕಿಟಕಿಯ ಹುಡುಗಿ ಎಲ್ಲವನ್ನೂ ನೋಡಿ ನಗುತ್ತಿದ್ದಳು. ಕರೆದರೆ ಮಾತ್ರ ಬರುತ್ತಿರಲಿಲ್ಲ.

ಪೋಷಕರು ಬಂದ ದಿನ ಹಿಂದಿನ ಬೆಂಚುಗಳು ತುಂಬಿದವು. ಮುಖ್ಯಸ್ಥೆ ಬಾಗಿಲ ಬಳಿ ನಿಂತರು. ಮಕ್ಕಳು ಮತ್ತೆ ಮಾತು ನುಂಗಿದರು. ಆಟಕ್ಕೆ ಎದ್ದು ಕೈಗೆ ಟವೆಲ್ ಮುಚ್ಚಿಕೊಂಡ ಇಬ್ಬರೂ ಅಪ್ಪ ಅಮ್ಮಂದಿರತ್ತ ನೋಡುತ್ತ ನಿಂತರು.

ಹಿಂದಿನಿಂದ ಒಬ್ಬ ತಂದೆ ಎದ್ದು, ಟವೆಲ್ ತೋರಿಸಿ ಏನೋ ಕೇಳಿದ. ದನದ ವ್ಯಾಪಾರಿ, ಕಿಟಕಿಯ ಹುಡುಗಿಯ ಅಪ್ಪ. ಮುಖ್ಯಸ್ಥೆ ಥಾಯ್ ಭಾಷೆಯಲ್ಲಿ ಆಟವನ್ನು ವಿವರಿಸಿದರು. ಆತ ಸೀದಾ ಮುಂದೆ ಬಂದು, ಸೊಂಟದ ಚೌಕುಳಿ ವಸ್ತ್ರವನ್ನು ಬಿಚ್ಚಿ, ನನ್ನತ್ತ ಕೈ ಚಾಚಿದ. ನಾನು ಕೈ ಕೊಟ್ಟೆ. ವಸ್ತ್ರ ಮುಚ್ಚಿದ. ಕುರ್ಚಿಯನ್ನು ಕಾಲಿನಿಂದ ಅಲ್ಲಾಡಿಸಿ ಏನೋ ಹೇಳಿದ. ಹಿರಿಯರೆಲ್ಲ ನಕ್ಕರು, ನನಗೆ ತಿಳಿಯಲಿಲ್ಲ.

ಆಗ ಕಿಟಕಿಯ ಬಳಿಯಿಂದ ತುಸು ಒರಟಾದ ಒಂದು ದನಿ ಬಂತು. "ಟೀಚರ್, ಮೈ ಫಾದರ್ ಸೇ, ಯುವರ್ ಕೌ ಹ್ಯಾವ್ ತ್ರೀ ಲೆಗ್."

"ನಿಮ್ಮ ಅಪ್ಪನಿಗೆ ಹೇಳು, ನಾಲ್ಕನೆಯ ಕಾಲು ಗದ್ದೆ ಉಳುತ್ತಿದೆ ಅಂತ," ಎಂದೆ ಇಂಗ್ಲಿಷಿನಲ್ಲಿ.

ಅವಳು ಎದ್ದು ಬಂದು ನಮ್ಮಿಬ್ಬರ ನಡುವೆ ನಿಂತು ಹೇಳಿದಳು. ಆತ ಗೊಳ್ಳೆಂದು ನಕ್ಕು, ನನ್ನ ಎರಡು ಬೆರಳು ಹಿಡಿದು ಮತ್ತೇನೋ ಅಂದ. ನಾನು ಮೂರು ಹಿಡಿದೆ. ಮಾತುಗಳೆಲ್ಲ ಅವಳ ಬಾಯಿಂದಲೇ ಹಾಯುತ್ತಿದ್ದವು. ವ್ಯಾಕರಣ ಮುರಿಯುತ್ತಿತ್ತು, ಅವಳು ನಿಲ್ಲುತ್ತಿರಲಿಲ್ಲ. ಕೊನೆಗೆ ಅವಳಪ್ಪ ನನ್ನ ಕೈ ಹಿಡಿದುಕೊಂಡೇ ವ್ಯಾಪಾರ ಮರೆತು, ಮಗಳ ಮುಖ ನೋಡುತ್ತ ನಿಂತುಬಿಟ್ಟ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಎದ್ದು ಬಂದು ಟವೆಲ್ಲಿಗೆ ಕೈ ಚಾಚಿದ್ದಳು.

ಮುಂದಿನ ಅವಧಿಯ ಕರಾರಿಗೆ ಅಂದೇ ಸಂಜೆ ಸಹಿ ಹಾಕಿದೆ. ಇನ್ನೆರಡು ತರಗತಿಗಳನ್ನೂ ನನಗೇ ಕೊಟ್ಟರು.

ಅವಧಿ ಶುರುವಾಗಿ ಸ್ವಲ್ಪ ದಿನಕ್ಕೆ ಗಣಿತದ ಮೇಷ್ಟರು ಮುಖ್ಯಸ್ಥೆಯ ಬಳಿ ದೂರು ಒಯ್ದರು: ಪಕ್ಕದ ಕೋಣೆಯ ಗದ್ದಲದಲ್ಲಿ ಪಾಠ ಮಾಡಲಾಗುತ್ತಿಲ್ಲ. ಮುಖ್ಯಸ್ಥೆ ಬಂದು ಬಾಗಿಲಲ್ಲಿ ನಿಂತರು. ಒಳಗೆ ಎಲ್ಲರೂ ಒಮ್ಮೆಲೇ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಸ್ವಲ್ಪ ಹೊತ್ತು ಕೇಳಿ, ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋದರು.