ಸವಡಿ ಅತ್ತೆಯ ನೋವಿನ ಗುಳಿಗೆ

ನನ್ನ ತಮ್ಮ ಕಾಲೇಜು ಹುಡುಗನಿದ್ದಾಗ ನೋವಿನ ಗುಳಿಗೆಯ ಚಟಕ್ಕೆ ಬಿದ್ದ. ಅದನ್ನು ನಾವು ಬಹಳ ದಿನ ಅವನ ಒಳ್ಳೆಯ ಗುಣವೆಂದೇ ತಿಳಿದಿದ್ದೆವು.

ನರಗುಂದದ ನಮ್ಮ ಮನೆಯಲ್ಲಿ ಚಟದ ವಿಷಯಕ್ಕೆ ಅಪ್ಪ ಕಟ್ಟುನಿಟ್ಟು. ಕಾಳಿನ ಅಂಗಡಿ ಮುಚ್ಚಿ ಬಂದವರು ಕೈಕಾಲು ತೊಳೆಯುವ ಮೊದಲೇ ತಮ್ಮನನ್ನು ಕರೆದು "ಬಾಯಿ ತಗಿ" ಅನ್ನುತ್ತಿದ್ದರು. ಅವನು ಬಾಯಿ ತೆರೆದರೆ ಮೂಸಿ ನೋಡುತ್ತಿದ್ದರು. ಆಗ ಊರ ಹುಡುಗರ ಬಾಯಲ್ಲೆಲ್ಲ ಗುಟಕಾ. ನಮ್ಮವನ ಬಾಯಲ್ಲಿ ಅವ್ವ ಮಾಡಿದ ಬದನೆಕಾಯಿ ಪಲ್ಯದ ವಾಸನೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. "ಬಂಗಾರದಂಥಾ ಹುಡುಗ" ಅಂದು ಅಪ್ಪ ಸಮಾಧಾನದಿಂದ ಊಟಕ್ಕೆ ಕೂರುತ್ತಿದ್ದರು. ಗುಳಿಗೆಗೆ ವಾಸನೆ ಇರುವುದಿಲ್ಲ.

ಕಬಡ್ಡಿ ಆಡುವಾಗ ಅವನ ಭುಜದ ಕೀಲು ತಪ್ಪಿತ್ತು. ಗಜೇಂದ್ರಗಡದ ಡಾಕ್ಟರು ಅದನ್ನು ಕೂಡಿಸಿ, ಕಟ್ಟು ಹಾಕಿ, ಕೆಲವು ದಿನದ ಮಟ್ಟಿಗೆ ಅಂತ ಗುಳಿಗೆ ಬರೆದುಕೊಟ್ಟಿದ್ದರು. ಭುಜ ವಾಸಿಯಾಯಿತು. ಚೀಟಿ ಮಾತ್ರ ಕಿಸೆಯಲ್ಲೇ ಉಳಿಯಿತು. ಅದನ್ನು ತೋರಿಸಿದಾಗಲೆಲ್ಲ ಔಷಧ ಅಂಗಡಿಯವರು ಕೊಡುತ್ತಿದ್ದರು. "ಡಾಕ್ಟರ್ ಬರದದ್ದು, ತಪ್ಪಸಬ್ಯಾಡಪಾ" ಅಂತ ಅವ್ವ ತಾನೇ ನೀರು ತಂದುಕೊಡುತ್ತಿದ್ದಳು. ಕಡೆಗೆ ಅಂಗಡಿಯವರಿಗೇ ಸಂಶಯ ಬಂದು, ಹೊಸ ಚೀಟಿ ತಾ ಅಂದರು.

ಆಮೇಲೆ ತಮ್ಮನಿಗೆ ಬಂಧುಬಳಗದ ಮೇಲೆ ಪ್ರೀತಿ ಹುಟ್ಟಿತು.

ನಮ್ಮ ಕಡೆ ಯಾರ ಮನೆಗೆ ಹೋದರೂ ಗೋಡೆಯ ಗೂಡಿನಲ್ಲಿ ಉಳಿದ ಗುಳಿಗೆಗಳ ಡಬ್ಬಿ ಇರುತ್ತದೆ. ಬಂದವರು ಮೈಕೈ ನೋವು ಅಂದರೆ ಚಹಾಕ್ಕಿಂತ ಮೊದಲು ಡಬ್ಬಿ ಬರುತ್ತದೆ. "ನನಗ ಭಾಳ ಚಲೋ ಆತು, ನೀನೂ ತಗೋ" ಅನ್ನುವುದು ಉಪಚಾರ. ಬೇಡ ಅಂದರೆ ಮುನಿಸು. ತಮ್ಮ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಕೊಣ್ಣೂರಿನ ಕಾಕಾನ ಕಾಲು ಒತ್ತಿದ, ರೋಣದ ಅಜ್ಜಿಯ ಮೊಣಕಾಲಿಗೆ ಎಣ್ಣೆ ತಿಕ್ಕಿದ. ಎಲ್ಲ ಕಡೆಯಿಂದ ಹೊಗಳಿಕೆ ಬಂತು. ಮನೆಯಲ್ಲಿ ಒಂದು ಕೊಡ ನೀರು ಎತ್ತಿಟ್ಟವನಲ್ಲ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಮನಿಗೆ ಮಾರಿ, ಊರಿಗೆ ಉಪಕಾರಿ" ಅಂದೆ.

"ಅವನ್ನ ನೋಡಿ ಕಲಿ. ಮಂದಿ ಮನಿಗೆ ಹೋಗಾಕಿ ನೀ" ಅಂದಳು ಅವ್ವ.

ತಮ್ಮ ಕಬಡ್ಡಿ ಬಿಟ್ಟ. ಉಣ್ಣುತ್ತ ಕುಳಿತಲ್ಲೇ ತೂಕಡಿಸತೊಡಗಿದ. ಕೆಲವು ದಿನ ಬೆವರಿ ನಡುಗುತ್ತಿದ್ದ. ಅವ್ವ ದೃಷ್ಟಿ ತೆಗೆದಳು. ನನಗೆ ಸಂಶಯ ಬಂದು ಅವನ ಚೀಲ ತೆಗೆದು ನೋಡಿದೆ. ಕರವಸ್ತ್ರದ ಗಂಟಿನಲ್ಲಿ ಬಳಗದವರ ಮನೆಮನೆಯ ಗುಳಿಗೆಗಳಿದ್ದವು. ಎಲ್ಲವನ್ನೂ ಗಟಾರಕ್ಕೆ ಸುರಿದೆ.

"ಬಿಡತೀನಕ್ಕಾ. ಅಪ್ಪಗ ಹೇಳಬ್ಯಾಡ" ಅಂತ ಕಾಲು ಹಿಡಿದ.

"ಹೇಳೂದಿಲ್ಲ. ಆದ್ರ ಇನ್ನಮ್ಯಾಲೆ ನೀ ಎಲ್ಲಿ ಹೋದ್ರೂ ನಾ ಬರಾಕಿ" ಅಂದೆ.

ಹೀಗೆ ಸವಡಿಗೂ ಅವನ ಬೆನ್ನು ಹತ್ತಿ ಹೋದೆ. ಅಲ್ಲಿ ನಮ್ಮ ಅಪ್ಪನ ಅಕ್ಕ ಬಚ್ಚಲಲ್ಲಿ ಜಾರಿಬಿದ್ದು, ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದಿದ್ದಳು. ಅವಳಿಗೂ ಡಾಕ್ಟರು ಅದೇ ಗುಳಿಗೆ ಬರೆದಿದ್ದರು. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ಒಳಗೆ ಹೋದರೆ, ಅತ್ತೆ ಕೌದಿಯ ಅಂಚು ಕಚ್ಚಿಕೊಂಡು ಮಲಗಿದ್ದಳು. ನಮ್ಮನ್ನು ಕಂಡು ಅಂಚು ಬಿಟ್ಟು ನಕ್ಕಳು.

"ಗುಳಗಿ ತಗೊಂಡಿಲ್ಲೇನತ್ತಿ?" ಅಂದೆ.

"ಮುಂದಿನ ವಾರ ನಿಮ್ಮ ಮಾಮಾ ತರತಾರವಾ."

"ಇದ್ದೂವು ಎಲ್ಲಿ ಹೋದೂವು?"

"ಹ್ವಾದ ಸಲ ಇಂವಾ ಒಬ್ನ ಬಂದಿದ್ನಲ್ಲ, ಭುಜ ಇನ್ನೂ ನೋಯತೈತಿ ಅಂದ. ಕೊಟ್ಟೆ. ಆಡೂ ವಯಸ್ಸ ಅವಂದು. ನಂದೇನೈತಿ, ಮುದುಕಿ, ಮಕ್ಕೊಂಡಿರತೀನಿ."

ತಮ್ಮ ತಲೆ ತಗ್ಗಿಸಿ ನಿಂತಿದ್ದ. ಅವನ ಹಣೆಯ ಮೇಲೆ ಬೆವರಿತ್ತು. ಅತ್ತೆ ಅದನ್ನು ನೋಡಿದಳು. ನರಳುತ್ತ ದಿಂಬಿನ ಕೆಳಗೆ ಕೈಹಾಕಿ, ಒಂದೇ ಒಂದು ಗುಳಿಗೆ ತೆಗೆದಳು.

"ರಾತ್ರಿಗಿರಲೆಂತ ಇಟ್ಕೊಂಡಿದ್ನಿ. ನಿನ್ನ ಮಾರಿ ಭಾಳ ಸಪ್ಪಗಾಗೇತಿ. ತಗೋಪಾ."

"ಬ್ಯಾಡತ್ತಿ, ನೀನ ತಗೋ" ಅಂದ ತಮ್ಮ. ಅನ್ನುವಾಗಲೇ ಕೈ ಚಾಚಿದ್ದ. ನಾನು ಅವನ ರಟ್ಟೆ ಹಿಡಿದೆ. ಕೊಸರಿಕೊಂಡು, ಅಳುತ್ತಳುತ್ತಲೇ ನುಂಗಿದ.

ಅಷ್ಟು ದಿನ ನನಗೆ ಅವನ ಮೇಲೆ ಸಿಟ್ಟಿತ್ತು. ಆಗ ಹೆದರಿಕೆಯಾಯಿತು. ಇವನು ಸಾಯುತ್ತಾನೆ ಅನ್ನಿಸಿತು. ಅತ್ತೆ ಅವನಿಗೆ ನೋವು ತಡೆಯಲಾಗುತ್ತಿಲ್ಲ ಅಂದುಕೊಂಡಳು. ಮಲಗಿದಲ್ಲಿಂದಲೇ ಕೈ ಎಟುಕಿಸಿ ಅವನ ಭುಜ ಸವರಿದಳು.

"ಅಳಬ್ಯಾಡಪಾ. ಮುಂದಿನ ವಾರ ಬಾ, ಹೊಸಾವು ಬಂದಿರತಾವು" ಅಂದಳು.

ನಾನು ಅಪ್ಪನಿಗೆ ಫೋನು ಮಾಡಲು ಹೋದೆ.